ಗುರುಲಿಂಗಮ್ಮನ ಮೊಣಕಾಲು ಮತ್ತು ಫಿಲ್ಟರಿನ ವಾರಬಂದಿ

ಮಕ್ತಲ್ ಪಟ್ಟಣದಲ್ಲಿ ಮನೆಯಂಗಳದ ಈಜುಕೊಳದ ಫಿಲ್ಟರನ್ನು ದಿನಕ್ಕೆ ಎಷ್ಟು ಹೊತ್ತು ಓಡಿಸಬೇಕೆಂದು ನಿರ್ಧರಿಸುವ ಅಧಿಕಾರ ಆ ಮನೆಯವರಿಗೆ ಇರುವುದಿಲ್ಲ. ಈಗ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗುರುಲಿಂಗಮ್ಮನಿಗೆ ಮಾತ್ರ ತುಸು ತಡವಾಗಿ ಗೊತ್ತಾಯಿತು.

ಕೊಳ ಕಟ್ಟಿಸಿದ್ದೇ ಆಕೆಯ ಮೊಣಕಾಲಿಗಾಗಿ. "ಎದಿಮಟ ನೀರಾಗ ದಿನಾ ನಡೀರಿ ಅವ್ವಾರೆ, ಆಪರೇಷನ್ ಬೇಕಾಗಂಗಿಲ್ಲ" ಎಂದಿದ್ದರು ರಾಯಚೂರಿನ ಡಾಕ್ಟರು. ಹತ್ತಿ ಮಿಲ್ಲಿನ ಮಾಲೀಕನಾದ ಮಗ ಕಾಂತೇಶ, ತಾಯಿಯ ಮೇಲಿನ ಪ್ರೀತಿಗಾಗಿಯೂ, ಗದ್ವಾಲದ ಬೀಗರ ಮನೆಯಲ್ಲಿ ಇಂಥದ್ದಿಲ್ಲವೆಂಬ ಸಂತೋಷಕ್ಕಾಗಿಯೂ ಅಂಗಳ ತೋಡಿಸಿದ. ಟ್ಯಾಂಕರುಗಳು ನೀರು ತುಂಬಿದವು. ಹೊಸ ನೀರು ಬಂದ ಮೇಲೆ ಗಂಗಮ್ಮನ ಪೂಜೆ ಆಗಬೇಡವೆ? ಓಣಿಯ ಹೆಂಗಸರೆಲ್ಲ ಬಂದು ಮುಷ್ಟಿ ಮುಷ್ಟಿ ಅರಿಸಿನ, ಕುಂಕುಮ, ಅಕ್ಕಿ, ಚೆಂಡುಹೂವು ಅರ್ಪಿಸಿದರು. ಸಂಜೆಯ ಹೊತ್ತಿಗೆ ಕೊಳ ಒಗ್ಗರಣೆಯೊಂದು ಬಾಕಿಯಿದ್ದ ಸಾರಿನಂತೆ ಕಾಣುತ್ತಿತ್ತು.

ಫಿಲ್ಟರ್ ಮಾರಿದ ಹೈದರಾಬಾದಿನವನು ಫೋನಿನಲ್ಲಿ ತೆಲುಗಿನಲ್ಲೇ, ಎಂಟು ಗಂಟೆ ಓಡಿಸಿದರೆ ಸಾಕು ಎಂದ.

"ಸಾಕು ಅನ್ನಾಕ ಅವನ್ಯಾರ್ರೀ?" ಎಂದರು ಓಣಿಯ ಮೊದಲ ಮನೆಯ ಖಂಡಪ್ಪ. ಕಾಲುವೆಯ ನೀರು ಹಂಚುವ ಕೆಲಸದಿಂದ ನಿವೃತ್ತರಾದ ಇವರಿಗಿಂತ ದೊಡ್ಡ ತಜ್ಞರು, ನೀರು ಮತ್ತು ಗಂಟೆ ಎರಡೂ ಸೇರಿದ ವಿಷಯದಲ್ಲಿ, ನಮ್ಮ ಸೀಮೆಯಲ್ಲಿಲ್ಲ. "ಗಂಟಿ ಲೆಕ್ಕದ ನೀರು ಅಂದ್ರ ವಾರಬಂದಿ. ಹೊಲಕ್ಕೊಂದು ಪಾಳಿ. ಇಲ್ಲಿ ಪಾಳಿದಾರರು ಯಾರು?"

"ನಮ್ಮವ್ವ ಒಬ್ಬಾಕೀನೇರಿ," ಎಂದ ಕಾಂತೇಶ.

"ತಪ್ಪು. ಟ್ಯಾಂಕರ್ ನಿಂತಿದ್ದು ಓಣ್ಯಾಗ. ಧೂಳು ಕುಡಿದವರು ಓಣಿಯವರು. ಅವರಿಗೆ ಹಕ್ಕಿಲ್ಲೇನು?"

ಮುಂದಿನ ಪುರಸಭೆ ಚುನಾವಣೆಗೆ ನಿಲ್ಲಬೇಕೆಂದಿದ್ದ ಕಾಂತೇಶ, ಹಕ್ಕಿದೆ ಎಂದು ಒಪ್ಪಿದ.

ಕೂಡಲೇ ಖಂಡಪ್ಪನವರ ಮುಂದಾಳ್ತನದಲ್ಲಿ ಓಣಿಯವರ ಫಿಲ್ಟರ್ ಕಾಲಾವಧಿ ನಿರ್ಣಯ ಸಮಿತಿ ರಚನೆಯಾಗಿ, ಗೋಡೆಗೆ ಪ್ರಕಟಣೆ ಬಿತ್ತು:

"ಈ ಮೂಲಕ ಸರ್ವರಿಗೂ ತಿಳಿಯಪಡಿಸುವುದೇನೆಂದರೆ, ಫಿಲ್ಟರ್ ಓಡುವಾಗ ಯಾರೂ ನೀರಿಗೆ ಇಳಿಯತಕ್ಕದ್ದಲ್ಲ. ನೀರು ತಿಳಿಯಾಯಿತೇ ಎಂದು ಇಳಿದು ಪರಿಶೀಲಿಸುವ ಸದಸ್ಯರಿಗೆ ಸದರಿ ನಿಯಮ ಅನ್ವಯಿಸದು. ಪಾಳಿಯು ಕಾಲುವೆಯ ಪದ್ಧತಿಯಂತೆ ಮೇಲಿನವರಿಂದ ಆರಂಭವಾಗಿ ಕೊನೆಯಂಚಿನವರಿಗೆ ಕೊನೆಯಲ್ಲಿ ಬರತಕ್ಕದ್ದು."

ಕಾಂತೇಶನದು ಓಣಿಯ ಕೊನೆಯ ಮನೆ. ಗುರುಲಿಂಗಮ್ಮ ಕೊನೆಯಂಚಿನವಳಾದಳು.

ಪರಿಶೀಲನೆ ಬಿರುಸಿನಿಂದ ನಡೆಯಿತು. ಸದಸ್ಯರು ತಲೆಗೆ ಎಣ್ಣೆ ಹಚ್ಚಿಕೊಂಡು ಪರಿಶೀಲಿಸಿದರು, ಮಕ್ಕಳುಮರಿ ಸಮೇತ ಪರಿಶೀಲಿಸಿದರು. ಸದಸ್ಯ ಕುರುಮಯ್ಯ, ಉಣ್ಣೆ ಕತ್ತರಿಸುವ ಮುಂಚೆ ಹೇಗೂ ಮೈತೊಳೆಯಬೇಕಾದ ತನ್ನ ಕುರಿಗಳಿಂದಲೂ ಪರಿಶೀಲನೆ ಮಾಡಿಸಿದ. ನೀರು ಇನ್ನಷ್ಟು ಕಲಕಿತು. ಸಮಿತಿ ಗಂಟೆಗಳನ್ನು ಏರಿಸುತ್ತ ಹೋಯಿತು.

ಗುರುಲಿಂಗಮ್ಮ ಕುರ್ಚಿಯಲ್ಲಿ ಕೂತು ಮೊಣಕಾಲು ನೀವಿಕೊಳ್ಳುತ್ತ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿಯೇಬಿಟ್ಟಳು: "ಖಂಡಪ್ಪಣ್ಣಾ, ನೀವು ಸಬಕಾರ ಹಚ್ಚೋದು ಬಿಟ್ರ ನೀರು ತಿಳಿ ಆಗಂಗಿಲ್ಲೇನ್ರೀ?"

ಕತ್ತಿನವರೆಗೆ ನೊರೆಯಲ್ಲಿದ್ದ ಖಂಡಪ್ಪ ಮರುಕದಿಂದ ಆಕೆಯನ್ನು ನೋಡಿದರು. "ಸಬಕಾರ ಹಚ್ಚದ ನೀರು ಹೊಲಸಾಗಂಗಿಲ್ಲ ತಂಗೆಮ್ಮಾ. ಹೊಲಸೇ ಆಗದಿದ್ರ, ಫಿಲ್ಟರ್ ಎಷ್ಟು ಹೊತ್ತು ಓಡಿಸಬೇಕು ಅನ್ನೋದು ಹೆಂಗ ಗೊತ್ತಾಗಬೇಕು?"

"ಮತ್ತ ನನ್ನ ಮೊಣಕಾಲು?"

"ಪಾಳಿಯೊಳಗ ಐತಿ. ಸ್ವಲ್ಪ ಬೆನ್ನು ತಿಕ್ಕಾಕ ಕಲ್ಲು ಕೊಡ್ರಿ."

ಆಕೆ ಕಲ್ಲು ಕೊಟ್ಟಳು.

ಕೊನೆಗೆ ಅಂತಿಮ ನಿರ್ಣಯ ಹೊರಬಿತ್ತು: ಫಿಲ್ಟರ್ ಹಗಲೂ ರಾತ್ರಿ ನಿಲ್ಲದೆ ಓಡತಕ್ಕದ್ದು. ಹಾಗಾಗಿ ಪರಿಶೀಲಕರ ಹೊರತು ಯಾರೂ ಎಂದೂ ಇಳಿಯುವಂತಿಲ್ಲ. ಆದರೆ ಕೊನೆಯಂಚಿನವರಿಗೆ ಅನ್ಯಾಯವಾಗಬಾರದಲ್ಲ? ಗುರುಲಿಂಗಮ್ಮನಿಗೆ ದಿನಕ್ಕೊಂದು ಬಕೆಟ್ ನೀರು ಮಂಜೂರಾಯಿತು. ಕಾಂತೇಶ ಸಮಿತಿಗೆ ಶಾಲು ಹೊದಿಸಿದ. ಓಣಿ ಚಪ್ಪಾಳೆ ತಟ್ಟಿತು. ಗುರುಲಿಂಗಮ್ಮನೂ ತಟ್ಟಿದಳು, ಬಕೆಟ್ಟಾದರೂ ಬಂತಲ್ಲ.

ಮುಂದಿನ ತಿಂಗಳು ರಾಯಚೂರಿನಲ್ಲಿ ಡಾಕ್ಟರು ಕೇಳಿದರು: "ಏನವ್ವಾರೆ, ನೀರಾಗ ನಡೀತೀರಿಲ್ಲೋ?"

"ನಡೀತೀನ್ರೀ," ಎಂದಳು ಗುರುಲಿಂಗಮ್ಮ. "ಬಕೆಟ್ಟಿನ್ಯಾಗ ಒಂದೇ ಕಾಲು ಹಿಡಿತೈತಿ. ಸದ್ಯ ಎಡಗಾಲು ನಡದೈತಿ. ಬಲಗಾಲಿಗೆ ಇನ್ನೂ ಪಾಳಿ ಬಂದಿಲ್ಲ."

ಪಕ್ಕದಲ್ಲಿದ್ದ ಕಾಂತೇಶ, ಪಾಳಿ ಬಂದೇ ಬರುತ್ತದೆಂದು ಡಾಕ್ಟರಿಗೆ ಭರವಸೆ ಕೊಟ್ಟ.