ಓಬವ್ವನ ಕುರಿಗಳ ವಂಶವೃಕ್ಷ

ಅವತ್ತು ಬೆಳಗಿನ ಚಾ ಅಷ್ಟು ಬಿಸಿ ಇರದಿದ್ದರೆ ಸಣ್ಣತಿಮ್ಮಪ್ಪ ಒಂದೇ ಗುಟುಕಿಗೆ ಕುಡಿದು ಎದ್ದು ಹೋಗುತ್ತಿದ್ದ. ಓಬವ್ವನಿಗೆ ಬಾಯಿ ತೆರೆಯಲು ಸಮಯವೇ ಸಿಗುತ್ತಿರಲಿಲ್ಲ.

ಸಣ್ಣತಿಮ್ಮಪ್ಪ ಹೆಸರಿಗಷ್ಟೇ ಸಣ್ಣ. ಓಬವ್ವನ ಗಂಡ ಪಾಲಣ್ಣನ ಅಣ್ಣ, ಮನೆಗೆ ದೊಡ್ಡವನು. ಅಣ್ಣತಮ್ಮಂದಿರು ಬೇರೆಯಾಗುವುದು ತೀರ್ಮಾನವಾಗಿತ್ತು. ಸಂಜೆ ಕುರಿಗಳು ಹಟ್ಟಿಗೆ ಬಂದ ಮೇಲೆ ಊರ ಹಿರಿಯ ಮುನಿಯಪ್ಪನ ಮುಂದೆ ಮಂದೆ ಪಾಲಾಗಬೇಕಿತ್ತು. ಒಟ್ಟು ನೂರಿಪ್ಪತ್ತು. ಅಣ್ಣನಿಗೆ ಅರವತ್ತು, ತಮ್ಮನಿಗೆ ಅರವತ್ತು. ಒಂದನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ.

"ಭಾವ, ನನ್ನ ಬಳುವಳಿ ಕುರಿ ಮೊದ್ಲು ಬ್ಯಾರೆ ತೆಗೆದು, ಆಮ್ಯಾಲೆ ಪಾಲು ಮಾಡ್ತೀರಲ್ವಾ?" ಅಂದುಬಿಟ್ಟಳು ಓಬವ್ವ.

ಸಣ್ಣತಿಮ್ಮಪ್ಪ ಚಾ ಊದುವುದನ್ನು ನಿಲ್ಲಿಸಿದ. "ನಿಮ್ಮಪ್ಪ ಕೊಟ್ಟ ಎರಡು ಕುರಿನಾ? ಅವು ಯಾವಾಗ್ಲೋ ಸತ್ತೋದ್ವಲ್ಲಮ್ಮ."

"ಅವು ಸತ್ತವು. ಅವುಗಳ ಮಕ್ಕಳು ಮೊಮ್ಮಕ್ಕಳು ನಲವತ್ಮೂರು ಅವೆ."

"ಕಾಗದ ಐತೇನು?"

ಪಾಲಣ್ಣ ತನ್ನ ಲೋಟದೊಳಗೆ ಹಲ್ಲಿ ಬಿದ್ದಿದೆಯೇನೋ ಎಂಬಂತೆ ಅದನ್ನೇ ನೋಡುತ್ತಾ ಕುಳಿತ. ಒಲೆಯ ಮುಂದೆ ರೊಟ್ಟಿ ತಟ್ಟುತ್ತಿದ್ದ ಸಣ್ಣತಿಮ್ಮಪ್ಪನ ಹೆಂಡತಿ ಕಾಳಕ್ಕ ತಲೆ ಎತ್ತಲಿಲ್ಲ. ರೊಟ್ಟಿಯ ಸದ್ದು ಮಾತ್ರ ಸ್ವಲ್ಪ ನಿಧಾನವಾಯಿತು.

ಮೂವತ್ತು ವರ್ಷದ ಹಿಂದೆ, ಮಾರಿಕಣಿವೆ ಹಿನ್ನೀರಿನ ಕಡೆಯಿಂದ ಮದುವೆಯಾಗಿ ಬರುವಾಗ ಅಪ್ಪ ಎರಡು ಹೆಣ್ಣುಕುರಿಗಳ ಹಗ್ಗವನ್ನು ಅವಳ ಕೈಗೇ ಕೊಟ್ಟಿದ್ದ. "ಇವು ನಿನ್ನವು" ಅಂದಿದ್ದ. ಆಮೇಲೆ ಆ ಮನೆಯಲ್ಲಿ ಯಾವುದನ್ನೂ ಯಾರೂ ಅವಳಿಗೆ 'ನಿನ್ನದು' ಅಂದಿರಲಿಲ್ಲ. ಎರಡು ವರ್ಷದ ಹಿಂದೆ ಮಗಳು ಶಾಂತಿಯ ಮದುವೆಯಲ್ಲಿ ತಾನೂ ಹಾಗೇ ಎರಡು ಹಗ್ಗ ಕೈಗೆ ಕೊಡಬೇಕೆಂದು ಆಸೆಪಟ್ಟಳು. "ಆಟೋ ಓಡಿಸೋರ ಮನಿಗೆ ಕುರಿ ಯಾಕಮ್ಮ" ಎಂದು ಭಾವ ನಕ್ಕಿದ್ದ. ಶಾಂತಿ ಒಂದು ಬೀರು, ಒಂದು ಮಿಕ್ಸಿ ತೆಗೆದುಕೊಂಡು ಹೊಳಲ್ಕೆರೆಗೆ ಹೋದಳು. ಮಿಕ್ಸಿ ಮರಿ ಹಾಕುವುದಿಲ್ಲ.

ಹೊಳಲ್ಕೆರೆಯ ಆ ಮಗಳಿಗೆ ತನ್ನ ಕುರಿ ತಲುಪಲೇಬೇಕೆಂದು ಓಬವ್ವ ಅವತ್ತು ಸೆರಗು ಬಿಗಿದಳು. "ಹಿರಿಯೂರಿಗೆ ಹೋಗಿ ಲಾಯರ್ ನೋಡ್ಕೊಂಡು ಬರ್ತೀನಿ" ಅಂದಳು.

"ಯಾವ ಲಾಯರು?" ಅಂದ ಪಾಲಣ್ಣ.

"ಸಿಕ್ಕಿದೋರು."

ಸಾಕ್ಷಿ ಇಲ್ಲದೆ ಮಾತಾಡಿದರೆ ಏನಾಗುತ್ತದೆಂದು ಈಗಷ್ಟೇ ಕಂಡಿದ್ದಳಲ್ಲ, ನಲವತ್ತಮೂರರಲ್ಲಿ ಎಲ್ಲಕ್ಕಿಂತ ಸಾಧುವಾದ ಚಿಕ್ಕಿ ಎಂಬ ಕುರಿಯ ಕೊರಳಿಗೆ ಹಗ್ಗ ಹಾಕಿ ಜವನಗೊಂಡನಹಳ್ಳಿಯ ಬಸ್ಸು ನಿಲ್ಲುವಲ್ಲಿಗೆ ಹೊರಟಳು.

ಕಂಡಕ್ಟರ್ ಕುರಿಯನ್ನೂ ಅವಳನ್ನೂ ನೋಡಿದ. "ಅಮ್ಮಾ, ನಿಂಗೆ ಫ್ರೀ. ಕುರಿಗೆ ಟಿಕೆಟ್ ತಗಳ್ಳಮ್ಮ."

"ಹೆಂಗಸ್ರಿಗೆಲ್ಲ ಫ್ರೀ ಅಲ್ವೇನಪ್ಪ? ಇದೂ ಹೆಣ್ಣೇ."

"ಹಂಗಾದ್ರೆ ಅದರ ಆಧಾರ್ ಕಾರ್ಡ್ ತೋರ್ಸು."

ಬಸ್ಸಿಗೆ ಬಸ್ಸೇ ನಕ್ಕಿತು. ಚಿಕ್ಕಿ ಮಾತ್ರ ಶಾಸಕರ ಹೆಂಡತಿಯ ಹಾಗೆ ಗಂಭೀರವಾಗಿ ಕಿಟಕಿಯ ಕಡೆ ನೋಡುತ್ತಿತ್ತು.

ಕುರಿ ಲಾಯರ ಹತ್ತಿರ ಹೋಗುತ್ತಿದೆ ಎಂದು ತಿಳಿದದ್ದೇ ತಡ, ಎಲ್ಲರಿಗೂ ಕಾನೂನು ನೆನಪಾಯಿತು. "ಗಂಡನ ಮನಿಗೆ ಬಂದ ಮ್ಯಾಲೆ ಎಲ್ಲಾ ಗಂಡನದೇ" ಅಂದ ಒಬ್ಬ. "ಸುಪ್ರೀಂ ಕೋರ್ಟ್ ಹೆಣ್ಮಕ್ಳಿಗೆ ಸಮಪಾಲು ಕೊಟ್ಟೈತೆ, ಅರವತ್ತೂ ನಿಂದೇ" ಅಂದಳು ಹೂವಿನ ಬುಟ್ಟಿಯವಳು. ಅವರೆಲ್ಲರನ್ನೂ ಕೈಯೆತ್ತಿ ಸುಮ್ಮನಾಗಿಸಿದವನು ಹಾಲಸ್ವಾಮಿ. ಅವನ ಜಮೀನಿನ ಕೇಸು ಇಪ್ಪತ್ತೆರಡು ವರ್ಷದಿಂದ ನಡೆಯುತ್ತಿತ್ತು. ಹಳೇ ಕೆಮ್ಮಿನ ರೋಗಿಗೆ ಔಷಧಿ ಗೊತ್ತಿರುವಂತೆ ಅವನಿಗೆ ಕಾನೂನು ಗೊತ್ತಿತ್ತು. ಒಂದೂ ಗುಣ ಕೊಟ್ಟಿರಲಿಲ್ಲ, ಹೆಸರೆಲ್ಲ ಬಾಯಿಪಾಠ.

"ತಂಗೆಮ್ಮ, ನಂಗೆ ಗೊತ್ತಿಲ್ದ ಲಾಯರ್ ಇಲ್ಲ. ಬಾ" ಎಂದು ಹಿರಿಯೂರಿನಲ್ಲಿ ತಾನೇ ಮೊದಲು ಇಳಿದ.

ಮೊದಲನೇ ಲಾಯರು ಚಿಕ್ಕಿಯನ್ನು ನೋಡಿದವರೇ ಪೆನ್ನು ಕೈಗೆತ್ತಿಕೊಂಡರು. "ಯಾವ ಗಾಡಿ ಗುದ್ದಿದ್ದು? ನಂಬರ್ ನೋಡ್ಕೊಂಡ್ರಾ?" ಅವರು ಹೈವೇ ಅಪಘಾತದ ಕೇಸು ಮಾತ್ರ ಹಿಡಿಯುವವರು. ಗುದ್ದಿಲ್ಲ ಎಂದು ತಿಳಿದು ಅವರಿಗೆ ನಿಜವಾಗಿಯೂ ಬೇಸರವಾಯಿತು. ಎರಡನೆಯವರು ಕೋರ್ಟಿಗೆ ಹೋಗಿದ್ದರು. ಅವರ ಗುಮಾಸ್ತ ಚಿಕ್ಕಿಯ ಬೆನ್ನು ಒತ್ತಿ ನೋಡಿ, "ಎಷ್ಟಕ್ಕೆ ಕೊಡ್ತೀಯಮ್ಮ?" ಅಂದ.

"ಇದು ಸಾಕ್ಷಿ ಕಣಪ್ಪ!" ಎಂದು ಓಬವ್ವ ಹಗ್ಗ ಎಳೆದುಕೊಂಡಳು.

ಮೂರನೆಯದು, ಜೆರಾಕ್ಸ್ ಅಂಗಡಿಯ ಮೇಲಿನ ಸಣ್ಣ ಕೋಣೆ. ಒಳಗೆ ಪ್ರೀತಿ ಎಂಬ ಎಳೆ ವಯಸ್ಸಿನ ಲಾಯರು ಡಬ್ಬಿಯ ಊಟ ಬಿಚ್ಚುತ್ತಿದ್ದಳು. "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ಡಬ್ಬಿ ಮುಚ್ಚಿದಳು. ಕುರಿಗೂ ಒಂದು ಮೂಲೆ ತೋರಿಸಿದಳು. ಮದುವೆಯಾದ ಮೇಲೆ ಓಬವ್ವನ ಮಾತು ಕೇಳಲು ಯಾರೂ ಊಟ ಬಿಟ್ಟವರಿರಲಿಲ್ಲ.

ಪ್ರೀತಿ ಕೊನೆವರೆಗೂ ಕೇಳಿಸಿಕೊಂಡಳು. "ತವರಿಂದ ನಿಮಗೆ ಅಂತ ಕೊಟ್ಟಿದ್ದು ಸ್ತ್ರೀಧನ ಅಮ್ಮ. ಅದು ನಿಮ್ಮದೇ. ಗಂಡನಿಗೂ ಹಕ್ಕಿಲ್ಲ, ಭಾವನಿಗಂತೂ ಇಲ್ವೇ ಇಲ್ಲ. ತಾಯಿ ಕುರಿ ಯಾರದೋ, ಮರಿಗಳೂ ಅವರದೇ."

"ಹಂಗಾದ್ರೆ ನನ್ನ ಮಗಳ ಹೆಸ್ರಿಗೆ ವಿಲ್ ಬರೆದುಬಿಡ್ರಿ ತಾಯಿ."

"ವಿಲ್ ಕಷ್ಟ ಇಲ್ಲ. ಬಿಳಿ ಹಾಳೆ, ನಿಮ್ಮ ಸಹಿ, ಇಬ್ಬರು ಸಾಕ್ಷಿ, ಅಷ್ಟೇ. ಮನಸ್ಸು ಬದಲಾದ್ರೆ ಇನ್ನೊಂದು ಬರೀಬಹುದು. ಆದರೆ ಇವು ನಿಮ್ಮವು ಅಂತ ಮೊದಲು ಮನೆಯವರು ಒಪ್ಪಿ ಸಹಿ ಹಾಕಲಿ. ಇಲ್ಲ ಅಂದ್ರೆ ನಾಳೆ ನಿಮ್ಮ ಮಗಳೂ ಇವರ ಹಾಗೆ" ಎಂದು ಹಾಲಸ್ವಾಮಿಯ ಕಡೆ ನೋಡಿದಳು, "ಕೋರ್ಟಿಗೆ ಅಲೀಬೇಕಾಗುತ್ತೆ. ಆ ಎರಡು ಕುರಿಯಿಂದ ಇವತ್ತಿನವರೆಗೆ ವಂಶವೃಕ್ಷ ಹೇಳ್ತೀರಾ?"

ಓಬವ್ವ ಕಣ್ಣು ಮುಚ್ಚಿದಳು. "ಮೊದ್ಲಿನವು ಕೆಂದಿ, ಕರೇಕಿವಿ. ಕೆಂದಿ ಮಗಳು ಗಿಡ್ಡಿ. ಗಿಡ್ಡಿಗೆ ಅವಳಿ. ಒಂದನ್ನ ತೋಳ ಹಿಡೀತು, ಇನ್ನೊಂದಕ್ಕೆ ಮೂರು ಹೆಣ್ಣು. ಅದ್ರಾಗೆ ನಡುವಿನದು ಹುಟ್ಟಿದ ದಿನವೇ ನನ್ನ ಶಾಂತಿ ಹುಟ್ಟಿದ್ದು..." ಹಾಳೆಯ ಮೇಲೆ ಗೆರೆಗಳು ಕವಲೊಡೆದವು. ಒಂದು ಹಾಳೆ ಸಾಲದೆ ಇನ್ನೊಂದನ್ನು ಅಂಟಿಸಿದರು. ಜೆರಾಕ್ಸ್ ಅಂಗಡಿಯವನು ಗಿರಾಕಿಗಳ ಸಮೇತ ಮೆಟ್ಟಿಲ ಮೇಲೆ ನಿಂತು ಕೇಳಿದ. ಕರೇಕಿವಿಯ ಮರಿಮಗಳೊಂದು ಹಾವು ಕಚ್ಚಿ ಸತ್ತಾಗ ಯಾರೋ ಲೊಚಗುಟ್ಟಿದರು. ಕೊನೆಗೆ ಚಿಕ್ಕಿಯ ಹೆಸರು ಬಂದಾಗ ಎಲ್ಲರೂ ಮೂಲೆಗೆ ತಿರುಗಿ ಅದನ್ನು ಹೊಸದಾಗಿ ನೋಡಿದರು, ರಾಜಮನೆತನದವಳನ್ನು ನೋಡುವಂತೆ.

ಎಣಿಸಿದರೆ ಸರಿಯಾಗಿ ನಲವತ್ತಮೂರು.

ಪ್ರೀತಿ ಒಪ್ಪಿಗೆ ಪತ್ರ ಬರೆದಳು. ಈ ಮನೆಗೆ ಸೊಸೆಯಾಗಿ ಬಂದವಳು ತವರಿನಿಂದ ತಂದ ಕುರಿ ಮತ್ತು ಅದರ ಸಂತತಿ ಆಕೆಯ ಸ್ವಂತದ್ದು. ಅದನ್ನು ಬಿಟ್ಟು ಉಳಿದದ್ದು ಮಾತ್ರ ಅಣ್ಣತಮ್ಮಂದಿರ ಪಾಲಿಗೆ. "ಇದಕ್ಕೆ ಸಹಿ ಆಗಲಿ. ನಾಳೆ ಬನ್ನಿ, ವಿಲ್ ಬರೆಯೋಣ" ಅಂದಳು.

ಸಂಜೆ ಹಟ್ಟಿಯ ಮುಂದೆ ಜನ ಸೇರಿದ್ದರು. ಹಾಲಸ್ವಾಮಿ ತನ್ನ ಊರಿಗೂ ಹೋಗದೆ ಜೊತೆಗೇ ಬಂದಿದ್ದ. ಪತ್ರವನ್ನು ಅವನೇ ಗಟ್ಟಿಯಾಗಿ ಓದಿದ. "ಒಪ್ಪದಿದ್ರೆ ಕೋರ್ಟೇ ಗತಿ. ನಂದು ಇಪ್ಪತ್ತೆರಡು ವರ್ಷ ಆತು, ಇನ್ನೂ ನಡೀತೈತೆ" ಎಂದು ಹೆಮ್ಮೆಯಿಂದ ಸೇರಿಸಿದ.

ಸಣ್ಣತಿಮ್ಮಪ್ಪ ಮೀಸೆ ಕಡಿದ. ಮುನಿಯಪ್ಪ ಎಲೆಯಡಿಕೆ ಉಗುಳಿ, "ಬಳುವಳಿ ಅಂದ್ರೆ ಹಿಂದಿನಿಂದ್ಲೂ ಹಿಂಗೇ ಐತಪ್ಪ" ಅಂದ. ಆದರೂ ಸಣ್ಣತಿಮ್ಮಪ್ಪನ ಕೈ ಪೆನ್ನಿನ ಕಡೆ ಹೋಗಲಿಲ್ಲ.

ಆಗ ಕಾಳಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು. "ಹಾಕ್ರಿ ಸಹಿ. ಅವಳ ತವರಿನದು ಅವಳಿಗೆ. ಹೆಣ್ಣುಮಗಳ ಸ್ವತ್ತು ತಿಂದು ಎಲ್ಲಿಗೆ ಹೋಗ್ತೀರಿ?"

ಓಬವ್ವನ ಕಣ್ಣು ತುಂಬಿತು. ಮೂವತ್ತು ವರ್ಷ ಒಂದೇ ಒಲೆಯ ಮುಂದೆ ಕೂತಿದ್ದೂ ಈ ಅಕ್ಕನ ಮನಸ್ಸು ತನಗೆ ತಿಳಿಯದೇ ಹೋಯಿತಲ್ಲ! ಉಪ್ಪಿಗೂ ಹುಳಿಗೂ ಜಗಳವಾಡಿದ್ದೆಲ್ಲ ನೆನಪಾಗಿ ನಾಚಿಕೆಯಾಯಿತು.

ಹೆಂಡತಿಯೇ ಹೇಳಿದ ಮೇಲೆ ಸಣ್ಣತಿಮ್ಮಪ್ಪ ಸಹಿ ಹಾಕಿದ. ಪಾಲಣ್ಣ ಹಾಕಿದ. ಮುನಿಯಪ್ಪ ಸಾಕ್ಷಿ ಹಾಕಿದ. ಓಬವ್ವ ಮನಸ್ಸಿನಲ್ಲೇ ಕೂಡಿದಳು: ತನ್ನವು ನಲವತ್ತಮೂರು, ಉಳಿದದ್ದರಲ್ಲೂ ಗಂಡನಿಗೆ ಅರ್ಧ. ಎಂಬತ್ತರ ಮೇಲಾಯಿತು!

"ಆತಲ್ಲ?" ಅಂದಳು ಕಾಳಕ್ಕ. "ನಾನೂ ಈ ಮನಿಗೆ ಸೊಸೆಯಾಗೇ ಬಂದವಳು. ಈಗ ನಂದು ಕೇಳ್ರಿ."

"ನಿಂದೇನು?" ಅಂದ ಸಣ್ಣತಿಮ್ಮಪ್ಪ.

"ಓಬಿ ಈ ಮನಿಗೆ ಬರೋ ಹಿಂದಿನ ವರ್ಸ ನೀಲಿನಾಲಿಗೆ ರೋಗ ಬಂದು ಮಂದೆಗೆ ಮಂದೆನೇ ಹೋತಲ್ಲ, ಆಗ ಉಳಿದಿದ್ದು ಎಷ್ಟು ಮುನಿಯಪ್ಪಣ್ಣ?"

ಮುನಿಯಪ್ಪ ತಲೆ ಕೆರೆದುಕೊಂಡ. "ಎರಡೋ ಮೂರೋ ಕಣವ್ವ."

"ಎರಡು. ಎರಡೂ ನಾನು ಐಮಂಗಲದ ನಮ್ಮಪ್ಪನ ಮನಿಯಿಂದ ಹೊಡ್ಕೊಂಡು ಬಂದವು. ಒಂದು ಬಿಳೇಮೂತಿ, ಒಂದು ಉದ್ದಬಾಲ. ಬಿಳೇಮೂತಿ ಮಗಳು..." ಎಂದು ಕಾಳಕ್ಕ ಅಲ್ಲೇ ಕೂತು ಶುರು ಮಾಡಿದಳು. ಅವಳಿಗೆ ಹಾಳೆ ಬೇಕಿರಲಿಲ್ಲ, ಲಾಯರೂ ಬೇಕಿರಲಿಲ್ಲ. ಮೂವತ್ತಾರು ವರ್ಷದಿಂದ ರೊಟ್ಟಿ ತಟ್ಟುತ್ತಾ ಮನಸ್ಸಿನಲ್ಲೇ ಎಣಿಸಿಟ್ಟದ್ದನ್ನು ಬಾಯಿಗೆ ತಂದಳು, ಅಷ್ಟೇ. ಒಂದೂ ತಪ್ಪಲಿಲ್ಲ. ಕತ್ತಲಾಗುವುದರೊಳಗೆ ಎಪ್ಪತ್ತಾರು ಕುರಿ ಅವಳ ಕಡೆ ನಿಂತವು.

ನಲವತ್ತಮೂರು, ಎಪ್ಪತ್ತಾರು. ಇನ್ನುಳಿದದ್ದು ಒಂದು. ಹೋದ ವರ್ಷ ಅಣ್ಣತಮ್ಮ ಇಬ್ಬರೂ ಸೇರಿ ಸಂತೆಯಲ್ಲಿ ಕೊಂಡಿದ್ದ ಟಗರು.

ಮುನಿಯಪ್ಪ ಆ ಟಗರನ್ನೂ ಇಬ್ಬರು ಪಾಲುದಾರರನ್ನೂ ನೋಡಿ, ಟವೆಲ್ಲು ಕೊಡವಿ ಎದ್ದು ಹೋದ. ಅಲ್ಲಿಯವರೆಗೂ ಮುಖ ಮುಖ ನೋಡದ ಅಣ್ಣತಮ್ಮಂದಿರು ಜಗುಲಿಯ ಮೇಲೆ ಅಕ್ಕಪಕ್ಕ ಕುಳಿತರು. ಸಣ್ಣತಿಮ್ಮಪ್ಪ ಒಂದು ಬೀಡಿ ಹಚ್ಚಿ ತಮ್ಮನಿಗೂ ಒಂದು ಕೊಟ್ಟ.

"ಏನಪ್ಪ ಪಾಲಣ್ಣ, ಇವ್ರಿಗೆ ಮುಂದೆ ಮರಿ ಬೇಕಂದ್ರೆ ನಮ್ಮ ಟಗರೇ ಬೇಕಲ್ಲ?"

"ಬೇಕೇ ಬೇಕಲ್ಲಣ್ಣ. ಕೇಳ್ಕೊಂಡು ಬರ್ಲಿ" ಅಂದ ಪಾಲಣ್ಣ. ಬೆಳಿಗ್ಗೆ ಎದ್ದು ಕುರಿ ಹಿಂದೆ ಹೋಗುವ ಕೆಲಸ ಇನ್ನಿಲ್ಲ ಎಂಬುದು ಆಗಷ್ಟೇ ಹೊಳೆದಂತೆ ಅವನು ಕಾಲು ಚಾಚಿದ.

ಓಬವ್ವ ಕೂಡಿದಳು, ಕಳೆದಳು. ಬಾಯಿ ಮುಚ್ಚಿಕೊಂಡಿದ್ದರೆ ಮನೆಗೆ ಅರವತ್ತು ಬರುತ್ತಿತ್ತು. ಈಗ ನಲವತ್ತಮೂರು. ಅದೂ ಹೋಗಲಿ, ನಾಳೆ ವಿಲ್ ಬರೆಸಲು ಹಿರಿಯೂರಿಗೆ ಹೋದರೆ ಇವನ್ನು ಕಾಯುವವರು ಯಾರು? ಕಾಳಕ್ಕನ ಕಡೆ ನೋಡಿದಳು. ಕಾಳಕ್ಕ ಆಗಲೇ ಗಂಡನ ದೊಣ್ಣೆ ತೆಗೆದುಕೊಂಡು ತನ್ನ ಎಪ್ಪತ್ತಾರನ್ನು ಬೇರೆ ಹೊಡೆಯುತ್ತಿದ್ದಳು.

"ಓಬವ್ವಾ" ಎಂದು ಪಾಲಣ್ಣ ಜಗುಲಿಯಿಂದ ಕೂಗಿದ. ಮದುವೆಯಾದ ಮೂವತ್ತು ವರ್ಷಕ್ಕೆ ಅವಳು ಕೇಳಬೇಕೆಂದಿದ್ದ ಮಾತು ಅವನ ಬಾಯಿಂದ ಕೊನೆಗೂ ಬಂತು. "ನಿನ್ನ ಕುರಿ ಜೋಳದ ಹೊಲಕ್ಕೆ ನುಗ್ತಾ ಅವೆ ನೋಡೇ."

ಎದ್ದೇಳಲಿಲ್ಲ ಪುಣ್ಯಾತ್ಮ. ಓಬವ್ವ ಸೀರೆ ಎತ್ತಿ ಕಟ್ಟಿ ಓಡಿದಳು.