ಹೆದರಿ ಹೆದರಿ ಕೋಡ್ ಬರೆದ ನಮ್ಮ ಭಾವ

ನಮ್ಮ ಭಾವನಷ್ಟು ಪುಕ್ಕಲು ಮನುಷ್ಯರು ಚಾಮುಂಡಿ ಬೆಟ್ಟದ ಈ ಮಗ್ಗುಲಲ್ಲೂ ಇಲ್ಲ, ಆ ಮಗ್ಗುಲಲ್ಲೂ ಇಲ್ಲ. ಬೇಕಾದರೆ ಪಂಥ ಕಟ್ಟುತ್ತೇನೆ! ಪಂಥ ಕಟ್ಟುತ್ತೇನೆಂದು ಅವರೆದುರು ಹೇಳಿದರೆ ಅದಕ್ಕೂ ಹೆದರಿ, "ಸೋತ್ರೆ ಏನಮ್ಮ ಮಾಡ್ತೀಯ?" ಎಂದು ಕೇಳುತ್ತಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ಸ್ಕೂಲಿಗೆ ಹೋಗುವ ನಮ್ಮ ಪುಟ್ಟಿಯ ಅಪ್ಪ. ಮೈಸೂರಿನ ಹೆಬ್ಬಾಳದ ಒಂದು ಕಂಪನಿಯಲ್ಲಿ ಕೋಡ್ ಬರೆಯುತ್ತಾರೆ. ಅದೇ ರಸ್ತೆಯ ಇನ್ನೊಂದು ಕಂಪನಿಯಲ್ಲಿ ನನ್ನದೂ ಅದೇ ಕೆಲಸ. ದಟ್ಟಗಳ್ಳಿಯ ಅವರ ಮನೆಯ ಮಹಡಿಯಲ್ಲೇ ನಾನಿರುವುದರಿಂದ ಬೆಳಿಗ್ಗೆ ಇಬ್ಬರೂ ಅವರ ಸ್ಕೂಟರಿನಲ್ಲೇ ಹೋಗುತ್ತೇವೆ. ಹೋಗುತ್ತೇವೆ ಅನ್ನುವುದಕ್ಕಿಂತ ಹೋಗಿ, ವಾಪಸ್ ಬಂದು, ಮತ್ತೆ ಹೋಗುತ್ತೇವೆ ಅನ್ನುವುದು ಸರಿ. ಅರ್ಧ ದಾರಿಯ ಹಿನಕಲ್ ಹತ್ತಿರ ಬರುವಾಗ ಅವರ ಬೆನ್ನು ಇದ್ದಕ್ಕಿದ್ದಂತೆ ಸೆಟೆದುಕೊಳ್ಳುತ್ತದೆ. ಹಿಂದೆ ಕೂತ ನನಗೆ ಗೊತ್ತಾಗಿಬಿಡುತ್ತದೆ.

"ಗ್ಯಾಸ್ ಆಫ್ ಮಾಡಿದ್ನೇನಮ್ಮ?"

"ಅಕ್ಕ ಮನೇಲೇ ಇದಾಳೆ ಭಾವ, ಅಡುಗೆ ಮಾಡ್ತಾವ್ಳೆ. ಗ್ಯಾಸ್ ಉರೀತಾನೇ ಇರ್ಬೇಕು!"

"ಉರೀತಾ ಇದ್ಯಾ? ಹಾಗಾದ್ರೆ ಇನ್ನೂ ಭಯ ಕಣಮ್ಮ."

ಗಾಡಿ ತಿರುಗುತ್ತದೆ. ಅಕ್ಕ ಬಾಗಿಲಲ್ಲಿ ಸೌಟು ಹಿಡಿದು ನಿಂತಿರುತ್ತಾಳೆ.

ಅವರ ಕೋಡ್ ಕೂಡ ಥೇಟ್ ಅವರ ಹಾಗೆಯೇ. ಕೋಡ್ ಎಂದರೆ ಇನ್ನೇನು, ಕಂಪ್ಯೂಟರಿಗೆ ಇದನ್ನು ಮಾಡು, ಆಮೇಲೆ ಅದನ್ನು ಮಾಡು ಎಂದು ಬರೆದುಕೊಡುವ ಅಪ್ಪಣೆ. ನಾವೆಲ್ಲ ಅಪ್ಪಣೆ ಕೊಟ್ಟು ಸುಮ್ಮನಾಗುತ್ತೇವೆ. ಭಾವ ಮಾತ್ರ ಕಂಪ್ಯೂಟರಿನ ಕೈಹಿಡಿದು ರಸ್ತೆ ದಾಟಿಸುತ್ತಾರೆ. ವಯಸ್ಸು, ಹುಟ್ಟಿದ ತಾರೀಖು ಕೇಳಬೇಕಾದ ಕಡೆ, ಬರೆದಿರುವುದು ಅಂಕಿಯೇ, ಸೊನ್ನೆಗಿಂತ ಕಡಿಮೆಯೇ, ಇನ್ನೂರಕ್ಕಿಂತ ಹೆಚ್ಚೇ ಎಂದೆಲ್ಲ ತನಿಖೆ ಮಾಡಿ, ಕೊನೆಗೆ, ಈ ವ್ಯಕ್ತಿ ಹುಟ್ಟಿದ್ದಾನೆಯೇ ಎಂದು ಇನ್ನೊಂದು ತನಿಖೆ!

"ನಾಳೆ ಹುಟ್ಟೋ ತಾರೀಖನ್ನ ಯಾರು ಭಾವ ಬರೀತಾರೆ?"

"ಅವಸರದಲ್ಲಿರೋರು ಬರೀತಾರೆ ಕಣಮ್ಮ. ಅವಸರದಲ್ಲಿ ಮನುಷ್ಯ ಏನು ಬೇಕಾದ್ರೂ ಬರೀತಾನೆ."

ಸಾಲದ್ದಕ್ಕೆ ಕೋಡಿನ ಮಧ್ಯೆ ಟಿಪ್ಪಣಿಗಳು. ಮುಂದೆ ಓದುವವರಿಗೆಂದು ನಾವು ಒಂದೆರಡು ಮಾತು ಬರೆದಿಡುವುದುಂಟು. ಕಂಪ್ಯೂಟರ್ ಅದನ್ನು ಓದುವುದಿಲ್ಲ. ಭಾವನ ಟಿಪ್ಪಣಿಗಳು ಹೀಗಿರುತ್ತವೆ: "ಇಲ್ಲಿ ನಿಧಾನ." "ಈ ಸಾಲು ತೆಗೆಯಬೇಡಿ, ನನಗೆ ಭಯ." ಕೋಡ್ ಓದುತ್ತಿದ್ದೇವೋ, ಘಾಟಿ ರಸ್ತೆಯ ಬೋರ್ಡುಗಳನ್ನು ಓದುತ್ತಿದ್ದೇವೋ!

ಮೈಸೂರಿನ ಕೋಡ್ ಬರೆಯುವವರದೇ ಒಂದು ಆನ್‌ಲೈನ್ ಗುಂಪಿದೆ. ಅಲ್ಲಿ ಯಾರಾದರೂ ಏನಾದರೂ ಕೇಳುತ್ತಾರೆ, ಗೊತ್ತಿದ್ದವರು ಹೇಳುತ್ತಾರೆ, ಗೊತ್ತಿಲ್ಲದವರು ಇನ್ನೂ ಜೋರಾಗಿ ಹೇಳುತ್ತಾರೆ. ಎಲ್ಲರೂ ಸೇರಿ ಕೆಲವು ಪುಟ್ಟ ಪ್ರೋಗ್ರಾಂಗಳನ್ನು ಮಾಡಿ ಊರಿಗೆ ಪುಕ್ಕಟೆ ಕೊಡುತ್ತಾರೆ. ಶನಿವಾರ ಬಂತೆಂದರೆ ಹಬ್ಬ. ಎಲ್ಲಿಂದಲೋ ಒಂದು ಕೊಳಕು ಕೋಡ್ ತಂದು ನಡುವೆ ಹಾಕಿ, ಬರೆದವನ ಏಳು ತಲೆಮಾರನ್ನು ವಿಚಾರಿಸಿಕೊಳ್ಳುತ್ತಾರೆ. ನಾನೂ ಹೊಟ್ಟೆ ಹಿಡಿದು ನಕ್ಕಿದ್ದೇನೆ.

ಭಾವ ಆ ಗುಂಪಿನಲ್ಲಿ ಶುರುವಿನಿಂದಲೂ ಇದ್ದಾರೆ. ಒಂದಕ್ಷರ ಬಿಡದೆ ಓದುತ್ತಾರೆ, ಒಂದಕ್ಷರ ಬರೆಯುವುದಿಲ್ಲ. ಹೊಸಬರು ಬಂದು ನಮಸ್ಕಾರ ಎಂದರೆ ಇವರೂ ನಮಸ್ಕಾರ ಎಂದು ಒತ್ತಿ, ದಿಟ್ಟಿಸಿ ನೋಡಿ, ಅಳಿಸಿಬಿಡುತ್ತಾರೆ. "ಯಾಕೆ ಭಾವ?" ಎಂದರೆ, "ಅವ್ರು ತಿರುಗಿ ಏನಾದ್ರೂ ಕೇಳಿಬುಟ್ರೆ?" ಅನ್ನುತ್ತಾರೆ!

ಒಂದೇ ಒಂದು ಸಲ ಅವರ ದನಿ ಅಲ್ಲಿ ಕೇಳಿಸಿತ್ತು. ಅವರದು ಎಂದರೆ ಅವರ ಅಡುಗೆಮನೆಯದು. ಬೆರಳು ಎಲ್ಲಿ ತಾಗಿತೋ, ಕುಕ್ಕರಿನ ಎರಡು ಸೀಟಿ, ಅದರ ಹಿಂದೆಯೇ ಅಕ್ಕನ "ರೀ, ಹಾಲು ಉಕ್ತಾ ಇದೆ, ಅಲ್ಲೇನ್ ನೋಡ್ತಾ ನಿಂತಿದೀರಿ?" ಎಂಬ ಗರ್ಜನೆ, ಎರಡೂ ಇಡೀ ಗುಂಪಿಗೆ ಹೋಗಿಬಿಟ್ಟವು. ಯಾರೋ ಗಂಭೀರವಾಗಿ ಕೇಳಿದರು: "ಸಾರ್, ಇದು ಯಾವ ಪ್ರಶ್ನೆಗೆ ಉತ್ತರ?" ಭಾವ ಫೋನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದರು. ಒಳಗಿನಿಂದ ಅದು ಟಿಣ್ ಟಿಣ್ ಎಂದಾಗಲೆಲ್ಲ ಬೆಚ್ಚಿಬೀಳುತ್ತಿದ್ದರು.

ಹೀಗಿರುವಾಗ ಹೋದ ತಿಂಗಳು ಒಂದು ಶನಿವಾರ ಗುಂಪಿನ ನಡುವೆ ಬಂದು ಬಿದ್ದ ಕೋಡ್ ನೋಡಿ ನನಗೆ ನಗು ಬರಲಿಲ್ಲ. ಮಗುವಿನ ತೂಕ ಕೊಟ್ಟರೆ ಎಷ್ಟು ಔಷಧಿ ಕುಡಿಸಬೇಕೆಂದು ಲೆಕ್ಕ ಹಾಕುವ ಪ್ರೋಗ್ರಾಂ ಅದು. ಯಾರೋ ಸುಳ್ಳು ಹೆಸರಿನಲ್ಲಿ ಗುಂಪಿಗೆ ಕೊಟ್ಟಿದ್ದು. ಊರಿನ ಒಂದೆರಡು ಮಕ್ಕಳ ಕ್ಲಿನಿಕ್‌ಗಳಲ್ಲಿ ದಿನವೂ ಬಳಸುತ್ತಾರೆ. ತೂಕ ಅಂಕಿಯೇ ಎಂದು ತನಿಖೆ. ವಯಸ್ಸಿಗೆ ಈ ತೂಕ ಹೊಂದುತ್ತದೆಯೇ ಎಂದು ತನಿಖೆ. ಹೊಂದದಿದ್ದರೆ ಲೆಕ್ಕವನ್ನೇ ನಿಲ್ಲಿಸಿ, "ದಯವಿಟ್ಟು ಮಗುವನ್ನು ಇನ್ನೊಮ್ಮೆ ತೂಗಿ" ಎಂದು ಕೈಮುಗಿಯುವುದು. ಪಕ್ಕದಲ್ಲಿ ಟಿಪ್ಪಣಿ: "ಈ ಸಾಲು ತೆಗೆಯಬೇಡಿ, ನನಗೆ ಭಯ."

ಇದನ್ನು ಬರೆದವರು ಯಾರೆಂದು ನನಗೆ ಬೇರೆ ಹೇಳಬೇಕೇ?

ಗುಂಪಿನವರು ಬಿದ್ದು ಬಿದ್ದು ನಗುತ್ತಿದ್ದರು. "ಇವನು ಕೋಡ್ ಬರೆದಿದಾನೋ, ತಾಯಿತ ಕಟ್ಟಿದಾನೋ?" ಎಂದರು ಒಬ್ಬರು. ಅಷ್ಟರಲ್ಲಿ ಗುಂಪಿನ ಮಹಾ ಜಾಣನೊಬ್ಬ ತನಿಖೆಗಳನ್ನೆಲ್ಲ ಕಿತ್ತುಹಾಕಿ ನಾಲ್ಕೇ ಸಾಲಿನಲ್ಲಿ ಹೊಸದಾಗಿ ಬರೆದು ತೋರಿಸಿದ. ಅಲ್ಲಿನ ಪದ್ಧತಿಯಂತೆ, ಸೋಮವಾರ ಬೆಳಿಗ್ಗೆ ಹತ್ತರೊಳಗೆ ಯಾರೂ ಸರಿಯಾದ ಕಾರಣ ಕೊಟ್ಟು ಬೇಡ ಅನ್ನದಿದ್ದರೆ ಹೊಸದು ಒಳಗೆ, ಹಳೆಯದು ಹೊರಗೆ.

ನಾನು ತಡೆಯಲಾರದೆ ಬರೆದೆ: "ಆರೂವರೆ ಕೆಜಿ ಮಗುವಿಗೆ ಯಾರಾದರೂ ನಡುವಿನ ಚುಕ್ಕಿ ಬಿಟ್ಟು ಅರವತ್ತೈದು ಎಂದು ಒತ್ತಿದರೆ ಹತ್ತು ಪಟ್ಟು ಔಷಧಿ ಹೋಗುತ್ತದಲ್ಲ?"

ಜಾಣ ತಕ್ಷಣ ಉತ್ತರಿಸಿದ: "ಅಂಥ ತಪ್ಪು ಯಾರು ಮಾಡ್ತಾರೆ ಮೇಡಂ? ಮಾಡಿರೋರು ಒಬ್ಬರನ್ನ ತೋರ್ಸಿ, ಬಿಟ್‌ಬಿಡ್ತೀನಿ."

ಫೋನ್ ಹಿಡಿದೇ ಕೆಳಗಿಳಿದು ಹೋದೆ. ಭಾವ ಸೋಫಾದ ತುದಿಯಲ್ಲಿ ಫೋನ್ ಹಿಡಿದು ಕೂತಿದ್ದರು.

"ಒಂದು ಮಾತು ಬರೀರಿ ಭಾವ."

"ನಗ್ತಾರೆ ಕಣಮ್ಮ."

"ಈಗ್ಲೇ ನಗ್ತಿದಾರಲ್ಲ!"

"ಈಗ ಕೋಡ್ ನೋಡಿ ನಗ್ತಿದಾರೆ. ಆಮೇಲೆ ನನ್ನ ನೋಡಿ ನಗ್ತಾರೆ."

ಯಾವಾಗಲೂ ಇಂಥ ಮಾತಿಗೆ ಮೊದಲು ನಗುವವಳು ಅಕ್ಕ. ಅವಳು ನಗಲಿಲ್ಲ. ಬಟ್ಟೆ ಮಡಿಸುವುದನ್ನು ಬಿಟ್ಟು, "ಬರೀರಿ. ನಡೆದದ್ದನ್ನೇ ಬರೀರಿ," ಎಂದಳು. ಏನು ನಡೆದದ್ದು ಎಂದು ನಾನು ಕೇಳಿದೆ. ಅಕ್ಕ ಪುಟ್ಟಿಯ ಫ್ರಾಕನ್ನು ಎತ್ತಿಕೊಂಡು ಮತ್ತೆ ಮಡಿಸತೊಡಗಿದಳು.

ಭಾನುವಾರವಿಡೀ ಭಾವ ಬರೆದರು. ಮೊದಲ ಪ್ಯಾರಾದಲ್ಲಿ ಬರೆಯುತ್ತಿರುವುದಕ್ಕೆ ಕ್ಷಮೆ. ಎರಡನೆಯದರಲ್ಲಿ ಇಷ್ಟು ದಿನ ಬರೆಯದಿದ್ದುದಕ್ಕೆ ಕ್ಷಮೆ. ಮೂರನೆಯದರಲ್ಲಿ ಆ ಕುಕ್ಕರಿನ ಸೀಟಿಗೆ ಕ್ಷಮೆ.

"ವಿಷಯ ಎಲ್ರೀ?" ಎಂದಳು ಅಕ್ಕ.

"ಬರ್ತಾ ಇದೆ, ಇರು."

ವಿಷಯ ಬರಲೇ ಇಲ್ಲ. ಎಲ್ಲ ಅಳಿಸಿದರು. ಊಟಕ್ಕೆ ಕೂತು ಅನ್ನ ಕಲಸಿದರು, ತಿನ್ನಲಿಲ್ಲ. ಅದನ್ನು ನೋಡುತ್ತಾ ನೋಡುತ್ತಾ ನನಗೂ ಹೆದರಿಕೆಯಾಯಿತು. ತಮಾಷೆಯ ಹೆದರಿಕೆಯಲ್ಲ. ಯಾವುದೋ ಕ್ಲಿನಿಕ್, ಕೌಂಟರಿನ ಮುಂದೆ ಜನ, ಅವಸರದ ಒಂದು ಬೆರಳು, ಅಳುತ್ತಿರುವ ಒಂದು ಕೂಸು. ತಡೆದು ಕೇಳುವ ಆ ಒಂದು ಸಾಲು ಅಲ್ಲಿಲ್ಲ.

ಸೋಮವಾರ ಬೆಳಿಗ್ಗೆ ಸ್ಕೂಟರ್ ಏರಿದೆವು. ಹಿನಕಲ್ ಹತ್ತಿರ ಅವರ ಬೆನ್ನು ಸೆಟೆದುಕೊಂಡಿತು. ಗ್ಯಾಸ್ ಇರಬೇಕೆಂದುಕೊಂಡೆ. ಆದರೆ ಗಾಡಿ ತಿರುಗಲಿಲ್ಲ. ರಸ್ತೆಯ ಪಕ್ಕಕ್ಕೆ ಬಂದು ನಿಂತಿತು. ಭಾವ ಇಳಿದು, ಹೆಲ್ಮೆಟ್ ಕೂಡ ತೆಗೆಯದೆ ಫುಟ್‌ಪಾತಿನ ಮೇಲೆ ಕೂತು ಫೋನ್ ತೆಗೆದರು. ಶಿಫ್ಟಿನ ಬಸ್ಸುಗಳು ಧೂಳೆಬ್ಬಿಸಿಕೊಂಡು ಹೋಗುತ್ತಿದ್ದವು. ಅವರು ತಲೆ ಎತ್ತದೆ ಒತ್ತಿದರು, ಒತ್ತಿದರು, ಕಳಿಸಿದರು. ಆಮೇಲೆ ಫೋನನ್ನು ನನ್ನ ಕೈಗೆ ತುರುಕಿ ಕಣ್ಣು ಮುಚ್ಚಿಕೊಂಡರು.

"ನೀನೇ ನೋಡಮ್ಮ. ನನ್ ಕೈಲಾಗಲ್ಲ."

ಕೆಳಗೆ ತಮ್ಮ ನಿಜವಾದ ಹೆಸರು ಹಾಕಿದ್ದರು. ಕ್ಷಮೆ ಎಲ್ಲೂ ಇರಲಿಲ್ಲ.

"ಈ ಕೋಡ್ ನನ್ನದು. ಅಂಥ ತಪ್ಪು ಮಾಡಿದವನೂ ನಾನೇ. ನನ್ನ ಮಗಳು ಎಂಟು ತಿಂಗಳ ಕೂಸಾಗಿದ್ದಾಗ ಜ್ವರ ಬಂದಿತ್ತು. ಕ್ಲಿನಿಕ್ಕಿನಲ್ಲಿ ಜನ ಜಾಸ್ತಿ ಇದ್ದರು, ಕಂಪ್ಯೂಟರ್ ಗೊತ್ತಿರುವವನೆಂದು ಅವಳ ತೂಕವನ್ನು ನಾನೇ ಒತ್ತಿದೆ. ಏಳೂವರೆಯ ಬದಲು ಎಪ್ಪತ್ತೈದು ಒತ್ತಿದೆ. ಕಂಪ್ಯೂಟರ್ ಒಂದು ಮಾತೂ ಕೇಳದೆ ಎಪ್ಪತ್ತೈದು ಕೆಜಿಗೆ ಔಷಧಿ ಹೇಳಿತು. ಅಳೆದು ತಂದ ನರ್ಸಮ್ಮ ಮಗುವಿನ ಮುಖ ನೋಡಿ ಯಾಕೋ ಹೆದರಿ, ಇನ್ನೊಂದು ಸಲ ತೂಗಿಬಿಡೋಣ ಎಂದರು. ಅವರು ಹೆದರಿದ್ದರಿಂದ ನನಗೆ ಮಗಳಿದ್ದಾಳೆ. ಕಂಪ್ಯೂಟರಿಗೆ ಹೆದರಲು ಬರುತ್ತಿರಲಿಲ್ಲ. ನಾನು ಕಲಿಸಿದೆ, ಅಷ್ಟೇ."

ನಾನು ಓದಿದೆ. ನಮ್ಮ ಪುಟ್ಟಿ ಆ ಬೆಳಿಗ್ಗೆಯಷ್ಟೇ ಟಿಫನ್ ಬಾಕ್ಸಿಗೆ ಉಪ್ಪಿಟ್ಟು ಹಾಕಿದ್ದಕ್ಕೆ ಮುಖ ಊದಿಸಿಕೊಂಡು ಸ್ಕೂಲಿಗೆ ಹೋಗಿದ್ದಳು.

ಪರದೆಯ ಮೇಲೆ ಆ ಜಾಣ ಏನೋ ಬರೆಯುತ್ತಿರುವ ಸೂಚನೆ ಕಂಡಿತು. ನಿಂತಿತು. ಮತ್ತೆ ಕಂಡಿತು. ಕೊನೆಗೆ ಬಂತು: "ನಂದು ವಾಪಸ್ ತಗೊಂಡಿದೀನಿ ಸಾರ್. ಇನ್ನೂ ಎಲ್ಲೆಲ್ಲಿ ಹೆದರ್ಬೇಕು, ಸ್ವಲ್ಪ ಹೇಳ್ಕೊಡಿ."

ಗಟ್ಟಿಯಾಗಿ ಓದಿ ಹೇಳಿದೆ. ಭಾವ ಕಣ್ಣು ತೆರೆಯಲಿಲ್ಲ. ಹೆಲ್ಮೆಟ್ಟಿನೊಳಗೇ ಅಳುತ್ತಿದ್ದರು.

ಅವರ ತೋಳು ಹಿಡಿದು ಎಬ್ಬಿಸಿದೆ. ಅವತ್ತು ಗಾಡಿ ನಾನು ಓಡಿಸಿದೆ. ಹೊರಡುವಾಗ ಹಿಂದಿನಿಂದ ಒದ್ದೆ ದನಿಯಲ್ಲಿ ಕೇಳಿದರು: "ಸ್ಟ್ಯಾಂಡ್ ಎತ್ತಿದೀಯೇನಮ್ಮ?"

ಎತ್ತಿದ್ದೆ. ಎತ್ತಿದ್ದೇನೆಂದು ಚೆನ್ನಾಗಿ ಗೊತ್ತಿತ್ತು. ಆದರೂ ಬಗ್ಗಿ ಇನ್ನೊಂದು ಸಲ ನೋಡಿದೆ.