ಒಂದು ಇನ್ವರ್ಟರು, ಇಬ್ಬರು ರಿಪೇರಿಗಾರರು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಅಂಗಿಯ ಗುಂಡಿಗಿಂತ ಚಿಕ್ಕದಾದ ಟ್ರಾನ್ಸಿಸ್ಟರ್.

ನಮ್ಮ ಎಂಜಿನಿಯರ್ ಮನೆಯ ಸಣ್ಣ ರೂಮನ್ನು ವರ್ಕ್‌ಶಾಪ್ ಮಾಡಿಕೊಂಡು ವರ್ಷದಿಂದ ಇನ್ವರ್ಟರ್ ಕಟ್ಟುತ್ತಲೇ ಇದ್ದ. ಹೆಂಡತಿಯ ತಾಳ್ಮೆ ಅಂದು ಬೆಳಿಗ್ಗೆ ಮುಗಿಯಿತು.

"ರೀ, ಸಂಜೆ ಕರೆಂಟ್ ತೆಗೀತಾರಂತೆ. ಅಮ್ಮನೂ ಅಷ್ಟೊತ್ತಿಗೆ ಬರ್ತಾಳೆ. ನಿಮ್ಮ ಡಬ್ಬದಿಂದ ದೀಪ ಹತ್ತಿದ್ರೆ ರೂಮು ನಿಮ್ದು. ಹತ್ತಲಿಲ್ವೋ, ಅಮ್ಮ ಇನ್ಮೇಲೆ ಇಲ್ಲೇ ಇರ್ತಾಳೆ. ಆ ರೂಮಲ್ಲಿ!"

ಎಂಜಿನಿಯರ್ ಓಡಿಹೋಗಿ ಸ್ವಿಚ್ ಒತ್ತಿದ. ಢಮ್! ಎರಡು ಮಾಸ್‌ಫೆಟ್ ಹೊಗೆಯಾಗಿ ಹೋದವು.

ಮಾಸ್‌ಫೆಟ್ ಅಂದರೆ ಬ್ಯಾಟರಿಯ ಕರೆಂಟಿಗೆ ಬಾಗಿಲಿದ್ದಂತೆ. ಅಂಥ ಎರಡು ಬಾಗಿಲು ಸರದಿಯಂತೆ ತೆರೆಯಬೇಕು. ಒಂದು ಮುಚ್ಚಿ ಇನ್ನೊಂದು ತೆರೆಯುವ ಮುಂಚೆ ಒಂದು ಕ್ಷಣ ಎರಡೂ ಮುಚ್ಚಿರಬೇಕು. ಅಪ್ಪಣೆ ಕೊಡುವುದು ಮೈಕ್ರೋಕಂಟ್ರೋಲರ್ ಎಂಬ ಚಿಪ್ಪು. ಅದರ ದನಿ ಐದೇ ವೋಲ್ಟಿನದು. ಮಾಸ್‌ಫೆಟ್ಟಿನ ಕಿವಿಗೆ ಬೀಳಲು ಹನ್ನೆರಡು ಬೇಕು. ಅದಕ್ಕೇ ನಡುವೆ, ಬಾಗಿಲಿಗೊಂದರಂತೆ, ಆ ಪುಟ್ಟ ಟ್ರಾನ್ಸಿಸ್ಟರ್. ಅದಕ್ಕೋ, ಹೇಳಿದ್ದನ್ನೆಲ್ಲ ಉಲ್ಟಾ ಮಾಡಿ ದಾಟಿಸುವ ಚಾಳಿ. ಚಿಪ್ಪು "ಎರಡೂ ಮುಚ್ಚಿ" ಅಂದರೆ ಎರಡೂ ಹಾರು ಹೊಡೆದು ತೆರೆದು ನಿಲ್ಲುತ್ತವೆ. ಕರೆಂಟು ಒಮ್ಮೆಲೇ ನುಗ್ಗುತ್ತದೆ, ಆಮೇಲೆ ಢಮ್ಮೇ.

"ಥೂ, ಈ ಉಲ್ಟಾ ವಿಷಯ ಹೊಳೀಲೇ ಇಲ್ವಲ್ಲ!" ಎಂದು ಕೂಗಿ ಹಣೆ ಚಚ್ಚಿಕೊಂಡ. ಪ್ರತಿ ಬಾಗಿಲಿಗೂ ಇನ್ನೊಂದು ಟ್ರಾನ್ಸಿಸ್ಟರ್ ಸೇರಿಸಿದರಾಯಿತು, ಉಲ್ಟಾದ ಉಲ್ಟಾ ಸರಿಯೇ ತಾನೆ? ಅಂಗಡಿಗೆ ಓಡಿ, ಅಲ್ಲಿ ಉಳಿದಿದ್ದ ಎರಡು ಜೋಡಿ ಮಾಸ್‌ಫೆಟ್ಟನ್ನೂ ಬಾಚಿಕೊಂಡು ಬಂದ. ಬೆರಳು ಸುಟ್ಟುಕೊಂಡು ಬೆಸುಗೆ ಹಾಕಿ ಸ್ವಿಚ್ ಒತ್ತಿದ.

ಢಮ್!

"ಯಾಕೆ ಭಾವ?" ಎಂದು ಬಾಮೈದ ಬಾಗಿಲಲ್ಲಿ ಇಣುಕಿದ. ಚಿಪ್ಪಿನ ಪ್ರೋಗ್ರಾಮ್ ಬರೆದುಕೊಟ್ಟವನು ಅವನೇ. "ನೀವು ಕೂಗಿದ್ದು ಕೇಳಿಸ್ತು. ಅಂಗಡಿಗೆ ಹೋದಾಗ ನಾನು ಪ್ರೋಗ್ರಾಮನ್ನೇ ಉಲ್ಟಾ ಮಾಡಿ ಸರಿ ಮಾಡಿಟ್ಟಿದ್ನಲ್ಲ!"

"ನಿನ್ನನ್ಯಾರೋ ಕೇಳಿದ್ರು? ನಾನೂ ಸರಿ ಮಾಡ್ದೆ, ನೀನೂ ಸರಿ ಮಾಡ್ದೆ, ಮತ್ತೆ ಅಲ್ಲಿಗೇ ಬಂತು!"

"ಸಹಾಯ ಮಾಡಿದ್ದೂ ತಪ್ಪಾ?"

"ನಿನ್ನ ಸಹಾಯಕ್ಕಿಷ್ಟು ಬೆಂಕಿ ಹಾಕ!"

ಅಡುಗೆಮನೆಯಿಂದ ಹೆಂಡತಿ ಸೌಟಿನ ಸಮೇತ ಬಂದಳು. "ಅಮ್ಮ ಬರೋ ತನಕ ಆ ಸ್ವಿಚ್ ಮುಟ್ಟಬಾರ್ದು. ಇಬ್ರೂ ಆ ಡಬ್ಬದ ಸುದ್ದಿ ಎತ್ತಬಾರ್ದು. ಎತ್ತಿದ್ರೆ ಇಬ್ರನ್ನೂ ಆಚೆ ಹಾಕಿ ಚಿಲಕ ಹಾಕ್ಕೋತೀನಿ!"

ಇಬ್ಬರೂ ಬಾಯಿಗೆ ಬೀಗ ಹಾಕಿಕೊಂಡರು. ಬಾಮೈದ ಮುಖ ಊದಿಸಿಕೊಂಡು ಹೋದ. ಸ್ವಲ್ಪ ಹೊತ್ತಿಗೆ ಎಂಜಿನಿಯರ್‌ಗೆ ಸಿಟ್ಟು ಇಳಿಯಿತು. ಪಾಪ, ಒಳ್ಳೇ ಮನಸ್ಸಿನಿಂದ ಮಾಡಿದ್ದು. ಅವನ ಪ್ರೋಗ್ರಾಮೇ ಇರಲಿ. ತಾನು ಸೇರಿಸಿದ್ದ ಟ್ರಾನ್ಸಿಸ್ಟರುಗಳನ್ನು ಕಿತ್ತು, ಕೊನೆಯ ಜೋಡಿ ಮಾಸ್‌ಫೆಟ್ ಕೂರಿಸಿ, ದೊಡ್ಡ ಮನಸ್ಸು ಮಾಡಿದ ಖುಷಿಯಲ್ಲಿ ಸ್ನಾನಕ್ಕೆ ಹೋದ.

ಸಂಜೆ ಅತ್ತೆ ಬಂದು ಕೂತರು. ಕರೆಂಟ್ ಹೋಯಿತು.

"ಈಗ ನೋಡಿ ಅತ್ತೆ!" ಎಂದು ಗತ್ತಿನಿಂದ ಸ್ವಿಚ್ ಒತ್ತಿದ.

ಢಮ್!

ಕತ್ತಲಲ್ಲಿ ಸುಟ್ಟ ವಾಸನೆ ಹಬ್ಬಿತು. ಅದರೊಳಗಿಂದ ಬಾಮೈದನ ಪಿಸುಮಾತು ಕೇಳಿಸಿತು. "ಭಾವ... ಟ್ರಾನ್ಸಿಸ್ಟರ್ ಏನಾದ್ರೂ ತೆಗೆದ್ರಾ?"

"ಹೂಂ ಕಣೋ. ನಿಂಗೆ ಬೇಜಾರಾಗ್ಬಾರ್ದು ಅಂತ. ನೀನು?"

"ನೀವು ಸ್ನಾನಕ್ಕೆ ಹೋದಾಗ ಹಳೇ ಪ್ರೋಗ್ರಾಮೇ ವಾಪಸ್ ಹಾಕಿಬಿಟ್ಟೆ. ನಿಮಗೆ ಬೇಜಾರಾಗ್ಬಾರ್ದು ಅಂತ."

ಅಷ್ಟರಲ್ಲಿ ಕಡ್ಡಿ ಗೀರಿದ ಸದ್ದಾಯಿತು. ಅತ್ತೆ ತಮ್ಮ ಚೀಲದಿಂದ ಮೇಣದಬತ್ತಿ ತೆಗೆದು ಹಚ್ಚಿದರು. ಅಳಿಯನ ಮೇಲೆ ಅವರಿಗೆ ಅಷ್ಟು ಭರವಸೆ. ಬತ್ತಿ ಹಿಡಿದು ರೂಮಿಗೆ ಹೋಗಿ ಗೋಡೆಯಿಂದ ಗೋಡೆಗೆ ಕಣ್ಣಳತೆ ಮಾಡಿದರು.

"ಅಳಿಯಂದಿರೇ, ಈ ಮೇಜು ಆಚೆ ಹಾಕಿದ್ರೆ ನನ್ನ ಮಂಚ ಸರಿಯಾಗಿ ಹಿಡಿಯುತ್ತೆ."

ಎಂಜಿನಿಯರ್ ಮೇಜಿನ ಒಂದು ಕಡೆ ಹಿಡಿದು ಬಗ್ಗಿದ.

"ಆ ಕಡೆ ನಾನು ಹಿಡೀಲಾ ಭಾವ?" ಎಂದ ಬಾಮೈದ.